ಸುಣ್ಣ ಬಿರಿಯದ ಗೋಡೆ

ನನ್ನ ಗಂಡ ಭೂಮಿ ಅಳೆಯುವವರ ಜೊತೆ ಕೋಲು ಹಿಡಿಯುವ ಕೆಲಸದಲ್ಲಿದ್ದರು. ಹೊಲ, ಸೈಟು ಅಳೆಯುವ ಕೆಲಸವಲ್ಲ. ಉತ್ತರದಲ್ಲೆಲ್ಲೋ ಬೆಟ್ಟಗಳ ನಡುವೆ ಬೋಗುಣಿಯಂಥ ಒಂದು ಕಣಿವೆ, ಅದರ ಅಂಚಿನಲ್ಲಿ ನೆಲದೊಳಗೆ ಒಂದು ಬಿರುಕು. ಅದರ ಆ ಕಡೆ ಈ ಕಡೆ ಸಿಮೆಂಟಿನ ಕಂಬ ನೆಟ್ಟಿದ್ದರಂತೆ. ಬಿರುಕಿನ ಪಕ್ಕದ ನೆಲ ಎಷ್ಟು ಸರಿಯಿತು, ಕಣಿವೆಯ ನಡು ಎಷ್ಟು ಕುಸಿಯಿತು ಎಂದು ಅಳೆಯುತ್ತಲೇ ಇರಬೇಕು. ಇವರು ಅಂಕಿ ಬರೆದ ಉದ್ದನೆಯ ಕೋಲನ್ನು ಕಂಬದ ಮೇಲೆ ನೆಟ್ಟಗೆ ಹಿಡಿದು ನಿಲ್ಲುವುದು, ಸಾಹೇಬರು ದೂರದಿಂದ ದುರ್ಬೀನಿನಲ್ಲಿ ಓದುವುದು. ವರ್ಷದಲ್ಲಿ ಏಳೆಂಟು ತಿಂಗಳು ಅಲ್ಲೇ.

"ವರ್ಷಕ್ಕೆ ಎಷ್ಟು ಸರಿಯುತ್ತೆ ರೀ?" ಎಂದು ಒಮ್ಮೆ ಕೇಳಿದೆ.

"ಒಂದು ರಾಗಿ ಕಾಳಿನಷ್ಟು."

"ರಾಗಿ ಕಾಳಿಗೆ ಎಂಟು ತಿಂಗಳು ಮನೆ ಬಿಟ್ಟಿರ್ಬೇಕಾ?"

"ಸ್ವಲ್ಪ ಸ್ವಲ್ಪ ಸರಿತಿದ್ರೆ ಒಳ್ಳೇದು ಮಾರಾಯ್ತಿ. ನಿಂತ್ಬಿಟ್ರೇ ಭಯ. ಕೂಡಿಟ್ಕೊಂಡು ಒಂದೇ ಸಲ ಸರಿಯುತ್ತೆ."

ಭದ್ರಾವತಿಯ ಹಳೇನಗರದಲ್ಲಿ ನಮ್ಮದು ಬಾಡಿಗೆ ಮನೆ, ತಗ್ಗಿಗೆ ಮಣ್ಣು ತುಂಬಿ ಕಟ್ಟಿದ್ದು. ಅಡಿಗೆಮನೆಯ ಗೋಡೆ ಬಾಗಿಲ ಮೇಲಿಂದ ಸಣ್ಣಗೆ ಬಿರುಕು ಬಿಟ್ಟಿತ್ತು. ತೊಂಬತ್ತರ ದಶಕದ ಮಾತು. ಒಂದು ಸಲ ಹೊರಡುವ ಮುಂಚೆ ಬಿರುಕಿನ ಎರಡೂ ಪಕ್ಕ ಪೆನ್ಸಿಲಿನಲ್ಲಿ ಗೀಟು ಎಳೆದು, ಮಗಳ ಸ್ಕೇಲನ್ನು ನನ್ನ ಕೈಗೆ ಕೊಟ್ಟರು. ತಿಂಗಳಿಗೊಮ್ಮೆ ಗೀಟಿನಿಂದ ಗೀಟಿಗೆ ಎಷ್ಟು ಮಿಲಿಮೀಟರ್ ಎಂದು ಅಳೆದು ಕಾಗದ ಬರೆಯಬೇಕು.

ನಾನು ಓದಿದ್ದು ಮೂರನೇ ಕ್ಲಾಸು. ಅಂಕಿ ಬರೆಯಬಲ್ಲೆ. ನೀವಿಲ್ಲದೆ ಊಟ ಸೇರುವುದಿಲ್ಲ ಎಂದೆಲ್ಲ ಬರೆಯುವ ಹೆಂಗಸು ನಾನಲ್ಲ. ಹಾಗಾಗಿ ಇನ್‌ಲ್ಯಾಂಡ್ ಲೆಟರಿನಲ್ಲಿ ಇಷ್ಟೇ ಇರುತ್ತಿತ್ತು: ಗೋಡೆ ಹದಿನೆಂಟು. ನಾವು ಚೆನ್ನಾಗಿದ್ದೇವೆ. ಅವರ ಉತ್ತರವೂ ಅಷ್ಟೇ: ಅಂಕಿ ತಲುಪಿತು. ಸ್ಕೇಲು ಓರೆ ಹಿಡಿಯಬೇಡ.

ಪಕ್ಕದ ಮನೆಯಾಕೆಗೆ ಇದೊಂದು ತಮಾಷೆ. "ಅಕ್ಕಾ, ನಿಮ್ಮ ಯಜಮಾನ್ರು ಕಾಗದ ಬರೆಯೋದು ನಿಮಗೋ, ಗೋಡೆಗೋ?"

"ಗೋಡೆಗೇ ಕಣೆ. ನಾನು ಓದಿ ಹೇಳೋಳು."

ದೀಪಾವಳಿ ಬಂತು. ಪ್ರತಿ ವರ್ಷದಂತೆ ಸುಣ್ಣಕ್ಕೆ ಚೂರು ನೀಲಿ ಹಾಕಿ ಮನೆಗೆಲ್ಲ ಎರಡು ಸಲ ಬಳಿದೆ. ಒಣಗಿದ ಮೇಲೆ ನೋಡಿದರೆ ಗೀಟೂ ಇಲ್ಲ, ಬಿರುಕೂ ಇಲ್ಲ. ಎಲ್ಲ ಸುಣ್ಣದೊಳಗೆ.

ಹೀಗಾಯಿತು ಎಂದು ಬರೆಯಬಹುದಿತ್ತು. ಬೈಸಿಕೊಳ್ಳುವುದು ಯಾಕೆಂದು ಅಂದಾಜಿನ ಮೇಲೆ ಹತ್ತೊಂಬತ್ತು ಎಂದು ಬರೆದೆ. ಯಾವತ್ತೂ ಇಲ್ಲದಷ್ಟು ಉದ್ದದ ಉತ್ತರ ಬಂತು. ಆ ಗೋಡೆಯ ಪಕ್ಕ ಮಲಗಬೇಡಿ, ಬಚ್ಚಲ ನೀರು ಎಲ್ಲಿ ಹೋಗುತ್ತೆ ನೋಡು, ನೀನು ಹುಷಾರು. ಆ ಕೊನೆಯ ಎರಡು ಮಾತನ್ನು ನಾಲ್ಕು ಸಲ ಓದಿದೆ. ಮುಂದಿನ ತಿಂಗಳು ಇಪ್ಪತ್ತೆರಡು ಎಂದು ಬರೆದೆ. ಅದರ ಮುಂದಿನ ತಿಂಗಳು ಇಪ್ಪತ್ತಾರು. ಅಂದಾಜಲ್ಲ, ಬೇಕೆಂದೇ ಬರೆದದ್ದು.

ಮೂರು ದಿನ ರೈಲಿನಲ್ಲಿ ಕೂತು ಬಂದರು. ಚಪ್ಪಲಿ ಬಿಟ್ಟವರು ನೇರ ಅಡಿಗೆಮನೆಗೆ ಹೋಗಿ ಗೋಡೆಯ ಮೇಲೆ ಉಗುರು ಆಡಿಸಿದರು. ನಾನು ಕಾಫಿಗೆ ಇಟ್ಟಿದ್ದೆ.

"ಸುಣ್ಣ ಯಾವಾಗ ಬಳಿದಿದ್ದು?"

"ದೀಪಾವಳಿಗೆ."

"ಆಮೇಲೆ?"

"ಆಮೇಲೆ ಇಲ್ಲ."

"ಗೋಡೆ ಇಷ್ಟು ಸರಿದಿದ್ರೆ ಸುಣ್ಣ ಬಿರೀತಿರ್ಲಿಲ್ವಾ? ಕೂದಲೆಳೆಯಷ್ಟೂ ಬಿರಿದಿಲ್ಲ."

"ನೀವು ಬರ್ಲಿ ಅಂತ ಬರೆದೆ."

"ಬನ್ನಿ ಅಂತಲೇ ಬರೀಬಾರ್ದಿತ್ತೇನೇ?"

"ಅದು ನಂಗೆ ಬರೆಯೋಕೆ ಬರಲ್ಲ."

ಆ ಸಲದ ಅಳತೆಗೆ ಅಲ್ಲಿ ಬೇರೆ ಯಾರೋ ಕೋಲು ಹಿಡಿದರಂತೆ. ಎಷ್ಟೋ ವರ್ಷದಿಂದ ತಪ್ಪದೆ ಇವರ ಕೈಯಲ್ಲಿದ್ದ ಕೋಲು. ಬೈದಿದ್ದರೆ ವಾಸಿಯಿತ್ತು. ಎರಡು ದಿನ ತಟ್ಟೆ ನೋಡಿಕೊಂಡು ಉಂಡರು. ಮೂರನೇ ದಿನ ಸುಣ್ಣ ಕೆರೆದು, ಬಿರುಕಿಗೆ ಅಡ್ಡವಾಗಿ ಒಂದು ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿದರು.

"ಇನ್ನು ಅಂಕಿ ಬೇಡ. ಗೋಡೆ ಸರಿದ್ರೆ ಗಾಜು ಒಡೆಯುತ್ತೆ. ಒಡೆದ್ರೆ ಬರೆ, ಬರ್ತೀನಿ."

ಹೋದರು. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಗಾಜು ನೋಡುತ್ತಿದ್ದೆ. ಒಡೆಯಲಿಲ್ಲ. ಲಟ್ಟಣಿಗೆ ಕೈಗೆ ಎಟುಕುವಲ್ಲೇ ಇತ್ತು, ಒಂದು ಏಟು ಸಾಕಿತ್ತು. ಹೊಡೆಯಲಿಲ್ಲ. ತಟ್ಟೆ ನೋಡಿಕೊಂಡು ಉಣ್ಣುವ ಆ ಮುಖವನ್ನು ಇನ್ನೊಂದು ಸಲ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಗಾಜಿನ ಸುತ್ತ ಬಿಟ್ಟು ಸುಣ್ಣ ಬಳಿದೆ.

ಎರಡು ಸಾವಿರ ಇಸವಿ ಕಳೆದ ಮೇಲೆ ನಿವೃತ್ತರಾಗಿ ಮನೆಗೆ ಬಂದರು. ಆರು ತಿಂಗಳು ಮನೆಯಲ್ಲಿದ್ದರು. ಅಷ್ಟೇ. ಎದೆನೋವು ಬಂದದ್ದು ಮಂಗಳವಾರ, ಅವರು ಹೋದದ್ದು ಬುಧವಾರ. ಹಳೇನಗರದ ಮನೆ ಖಾಲಿ ಮಾಡುವ ದಿನವೂ ಗಾಜು ಹಾಗೇ ಇತ್ತು.

ಈಗ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ನನ್ನ ಕೋಣೆಯ ಕಿಟಕಿಯ ಕೆಳಗೆ ಒಂದು ಬಿರುಕಿದೆ. ಬರೀ ಗಾರೆ ಬಿರಿದಿದೆ, ಗೋಡೆಗೇನೂ ಆಗಿಲ್ಲ ಎನ್ನುತ್ತಾರೆ ಮನೆ ಕಟ್ಟಿದ ಮೇಸ್ತ್ರಿ. ಇರಲಿ. ಎರಡೂ ಪಕ್ಕ ಗೀಟು ಎಳೆದಿದ್ದೇನೆ. ತಿಂಗಳ ಮೊದಲ ದಿನ ಮೊಮ್ಮಗಳ ಸ್ಕೇಲು ಇಸಿದುಕೊಂಡು ಅಳೆಯುತ್ತೇನೆ, ಓರೆ ಹಿಡಿಯುವುದಿಲ್ಲ. ಹನ್ನೆರಡು. ಎರಡು ವರ್ಷದಿಂದ ಹನ್ನೆರಡೇ. ಸುಳ್ಳಲ್ಲ.