ಪದ್ಮಜಾ ಮೇಡಂ ಹಂಚಿದ ಮೈಲುಗಳು

ಪದ್ಮಜಾ ಮೊದಲ ಸಲ ವಿಮಾನ ಹತ್ತಿದಾಗ ಅವಳಿಗೆ ನಲವತ್ತು ದಾಟಿತ್ತು. ಬ್ಯಾಡಗಿಯ ಹೊರಗೆ, ಒಣಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಅವಳ ಕೆಲಸ. ಕಾಯಿ ಎಷ್ಟು ಕೆಂಪು, ಆ ಕೆಂಪು ಎಷ್ಟು ಕಾಲ ನಿಂತೀತು ಎಂದು ಅಳೆದು ಹೇಳುವುದು. ಖರೀದಿದಾರರು ಕಾಗದದ ಮೇಲಿನ ಅಂಕಿಗಿಂತ ಎದುರು ಕೂತು ಮಾತಾಡುವವರನ್ನು ನಂಬುತ್ತಾರೆಂದು ಮಾಲೀಕರಿಗೆ ಅನ್ನಿಸಿದ್ದೇ ತಡ, ಅವಳ ತಿರುಗಾಟ ಶುರುವಾಯಿತು. ಕೊಚ್ಚಿ, ಅಹಮದಾಬಾದ, ಕೋಲ್ಕತ್ತ. ಒಂದೆರಡು ಸಲ ಸ್ಪೇನ್ ದೇಶಕ್ಕೂ ಹೋಗಿ ಬಂದಳು. ಸೂಟ್‌ಕೇಸಿನ ಮೂಲೆಯಲ್ಲಿ ಮೆಣಸಿನಕಾಯಿಯ ಘಾಟು ಕೂತುಬಿಟ್ಟಿತ್ತು. ಯಾವ ಊರಿನ ಹೋಟೆಲಿನಲ್ಲಿ ತೆರೆದರೂ ಮೊದಲು ಒಂದು ಸೀನು ಬರುತ್ತಿತ್ತು.

ಮನೆ ಹಾವೇರಿಯ ಬಸವೇಶ್ವರ ನಗರದಲ್ಲಿ. ತಂದೆ ಅಣ್ಣಾಜಿ ರಾಣೇಬೆನ್ನೂರಿನ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದವರು, ಅವಳು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡರು. ಮದುವೆ ಬೇಡವೆಂದು ಅವಳು ಎಂದೂ ಹೇಳಿದವಳಲ್ಲ. ತಮ್ಮ ಹೇಮಂತನ ಓದು, ತಾಯಿ ಮಥುರಾಬಾಯಿಯ ಕಾಯಿಲೆ, ಒಂದು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು ಎದ್ದು, ನೋಡಲು ಬರುವವರು ಯಾವಾಗ ನಿಂತುಹೋದರೆಂದು ಅವಳಿಗೇ ನೆನಪಿಲ್ಲ. ಹೇಮಂತ ಈಗ ಪುಣೆಯಲ್ಲಿ ಬ್ಯಾಂಕಿನ ಅಧಿಕಾರಿ. ಹೆಂಡತಿ, ಹರಿಪ್ರಿಯಾ ಎಂಬ ಮಗಳು. ತಾಯಿ ಹೋದಮೇಲೆ ವರ್ಷಕ್ಕೊಮ್ಮೆ ಶ್ರಾದ್ಧಕ್ಕೆ ಬರುತ್ತಿದ್ದ. ಆಮೇಲೆ ಶ್ರಾದ್ಧವನ್ನೂ ಪುಣೆಯಲ್ಲೇ ಮಾಡತೊಡಗಿದ.

ಅವಳು ಹಾರಿದಾಗಲೆಲ್ಲ ವಿಮಾನ ಕಂಪನಿ ಅವಳ ಹೆಸರಿಗೆ ಒಂದಿಷ್ಟು ಮೈಲು ಜಮೆ ಮಾಡುತ್ತಿತ್ತು. ಮೈಲು ಸಾಕಷ್ಟು ಕೂಡಿದರೆ ಪುಕ್ಕಟೆ ಟಿಕೆಟ್. ತನಗಲ್ಲದಿದ್ದರೆ ತನ್ನ ಕುಟುಂಬದವರಿಗೆ ಕೊಡಬಹುದು, ಅಷ್ಟೇ. ಪದ್ಮಜಾ ಕುಟುಂಬವೆಂದು ತಮ್ಮನ ಹೆಸರನ್ನೂ ಸೊಸೆ ಹರಿಪ್ರಿಯಾಳ ಹೆಸರನ್ನೂ ಬರೆಸಿದಳು. ಬರ್ರಿ, ಟಿಕೆಟ್ ಕಳಿಸ್ತೀನಿ ಎಂದು ಸುಗ್ಗಿಗೊಮ್ಮೆ, ದಸರೆಗೊಮ್ಮೆ ಫೋನ್ ಮಾಡುವಳು. ಹರಿಪ್ರಿಯಾಳ ಪರೀಕ್ಷೆಯೋ ಬ್ಯಾಂಕಿನ ತಪಾಸಣೆಯೋ ಅಡ್ಡ ಬರುತ್ತಿತ್ತು. ಮೈಲು ಬೆಳೆಯುತ್ತಲೇ ಹೋಯಿತು.

ಕಾರ್ಖಾನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮುಖ್ಯಸ್ಥೆ ದೌಲತಬಿ. ಒಂದು ಮಧ್ಯಾಹ್ನ ಅವಳು ಕಾಯಿ ಮುಟ್ಟಿದ ಕೈಯನ್ನು ದೂರ ಹಿಡಿದು ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು. ಅಹಮದಾಬಾದದಲ್ಲಿದ್ದ ಮಗಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು, ರೈಲಿನಲ್ಲಿ ಜಾಗವಿರಲಿಲ್ಲ. ಪದ್ಮಜಾ ಅಲ್ಲೇ ಮೂಟೆಯೊಂದರ ಮೇಲೆ ಕೂತು ಫೋನ್ ತೆರೆದಳು. ಸಂಬಂಧವೇನು ಎಂದು ಪರದೆ ಕೇಳಿತು. ಸ್ವಲ್ಪ ಯೋಚಿಸಿ, ಸಹೋದರಿ ಎಂದು ಒತ್ತಿದಳು. ದೌಲತಬಿ ಮರುದಿನ ಮಗಳ ಹಾಸಿಗೆಯ ಪಕ್ಕದಲ್ಲಿದ್ದಳು. ಹಿಂದಿರುಗಿದ ಮೇಲೆ ಒಂದು ವಾರ ಬರೀ ವಿಮಾನದ ಕತೆ. ಅದುವರೆಗೆ ಮೇಡಂ ಎನ್ನುತ್ತಿದ್ದವಳು ಅಂದಿನಿಂದ ಅಕ್ಕಾರ ಎನ್ನತೊಡಗಿದಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಅವಳನ್ನು ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಬಿಡುತ್ತಿದ್ದ ಕಾರಿನ ಚಾಲಕ ಚನ್ನೇಶ ಮದುವೆಯಾದ. ಅವನೂ ಅವನ ಹೆಂಡತಿಯೂ ದಿಲ್ಲಿ ನೋಡಿಬಂದರು. ಚನ್ನೇಶ ತಮ್ಮನಾದ. ಕೆಳಗಿನ ಮನೆಯ ಮುದುಕಿ ಚಿಕ್ಕಮ್ಮನಾದಳು. ಎಂದೂ ವಿಮಾನ ಕಾಣದವರು ಭಾನುವಾರ ಪಾಠಕ್ಕೆಂದು ಮನೆಗೆ ಬರುತ್ತಿದ್ದರು. ಪದ್ಮಜಾ ಕುರ್ಚಿಗಳನ್ನು ಒಂದರ ಹಿಂದೊಂದು ಇಟ್ಟು, ಸೊಂಟಕ್ಕೆ ದುಪಟ್ಟಾ ಕಟ್ಟಿ, ಪಟ್ಟಿ ಹಾಕಿಕೊಳ್ಳುವುದು ಹೇಗೆ, ಕಿವಿ ಮುಚ್ಚಿದಂತಾದರೆ ಏನು ಮಾಡಬೇಕು ಎಂದು ತೋರಿಸುವಳು. ಬಂದವರ ಕೈಯಲ್ಲಿ ಎಳೆಸೌತೆಯೋ ಗಿರಮಿಟ್ಟಿನ ಪೊಟ್ಟಣವೋ ಇರುತ್ತಿತ್ತು. ಊರು ಮುಟ್ಟಿದೆವೆಂದು ತಿಳಿಸಲು ಅವರು ದೂರದ ಊರಿನಿಂದ ಫೋನ್ ಮಾಡುವರು. ತಾಯಿ ಹೋದಮೇಲೆ ಆ ಮನೆಯಲ್ಲಿ ಅಷ್ಟು ಫೋನ್ ಎಂದೂ ಬಂದಿರಲಿಲ್ಲ. ಇದು ವಿಮಾನ ಕಂಪನಿಯ ನಿಯಮಕ್ಕೆ ಒಗ್ಗದ ಕೆಲಸವೆಂದು ಅವಳಿಗೆ ಗೊತ್ತಿತ್ತು. ಆದರೆ ಯಾರಿಗೂ ಅನ್ಯಾಯವಾಗುತ್ತಿಲ್ಲವಲ್ಲ ಎಂದು ಅಷ್ಟಕ್ಕೇ ಬಿಟ್ಟಿದ್ದಳು.

ಹೀಗಿರುವಾಗ ಚನ್ನೇಶ ತನ್ನ ಸೋದರಮಾವ ಪ್ರಭುಲಿಂಗಪ್ಪನನ್ನೂ ಅತ್ತೆ ಗದಿಗೆವ್ವನನ್ನೂ ಕರೆತಂದ. ಹಲಗೇರಿಯ ರೈತರು, ಗೋವಿನಜೋಳ, ಹತ್ತಿ ಬೆಳೆಯುವವರು. ಒಬ್ಬಳೇ ಮಗಳು ಐಶ್ವರ್ಯ ಕೇಂದ್ರದ ಭದ್ರತಾ ಪಡೆಗೆ ಆಯ್ಕೆಯಾಗಿ ಮಧ್ಯಪ್ರದೇಶದಲ್ಲಿ ತರಬೇತಿ ಮುಗಿಸುತ್ತಿದ್ದಳು. ಕೊನೆಯ ದಿನ ಕವಾಯತು, ತಂದೆತಾಯಿಗೆ ಕರೆ ಬಂದಿತ್ತು. ಪ್ರಭುಲಿಂಗಪ್ಪನಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿತ್ತು. ರೈಲಿನಲ್ಲಿ ಅಷ್ಟು ದೂರ ಕೂರುವ ಹಾಗಿರಲಿಲ್ಲ.

ಗದಿಗೆವ್ವ ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು: "ಊರಾಗ ಎಲ್ಲಾರೂ ಹುಡುಗೀನ ಇಂಥಾ ಕೆಲಸಕ್ಕ ಯಾಕ ಹಾಕ್ತೀರಿ ಅಂದ್ರರಿ. ನಾನೂ ಅಂದೀನಿ. ಈಗ ಹೋಗಿ ಆಕೀನ ಮುಂದ ನಿಂದ್ರಬೇಕು."

ಪದ್ಮಜಾ ಫೋನ್ ತೆರೆದಳು. ಕುಟುಂಬದ ಪಟ್ಟಿಯಲ್ಲಿ ಜಾಗ ಉಳಿದಿರಲಿಲ್ಲ. ಯಾವ ಟಿಕೆಟ್ಟನ್ನೂ ಎಂದೂ ಪಡೆಯದೆ ಇದ್ದ ಹೆಸರುಗಳು ಎರಡೇ: ಹೇಮಂತ, ಹರಿಪ್ರಿಯಾ. ಕೆಲಸ ಮುಗಿದಮೇಲೆ ಮತ್ತೆ ಸೇರಿಸಿದರಾಯಿತೆಂದು ಅವನ್ನು ತೆಗೆದಳು. ಹೊಸಬರಿಗೆ ಸಂಬಂಧ ಬೇಕಿತ್ತು. ತಂದೆ, ತಾಯಿ ಎಂದು ಒತ್ತಲು ಬೆರಳು ಹೋಗಲಿಲ್ಲ. ಆ ಜಾಗ ಅಣ್ಣಾಜಿಯದು, ಮಥುರಾಬಾಯಿಯದು. ಅತ್ತೆ, ಮಾವ ಎಂದು ಬರೆದಳು. ಅವರು ಹೋದಮೇಲೆ ಆ ಎರಡು ಶಬ್ದಗಳನ್ನು ನೋಡುತ್ತ ಒಬ್ಬಳೇ ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿ ಕುರ್ಚಿಗಳನ್ನು ಗೋಡೆಗೆ ಸರಿಸಿದಳು.

ಹೆಸರು ತೆಗೆದರೆ ಆ ಹೆಸರಿನವರಿಗೆ ಸಂದೇಶ ಹೋಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಪದ್ಮಜಾ ಅವರ ಕುಟುಂಬದಿಂದ ನಿಮ್ಮನ್ನು ತೆಗೆಯಲಾಗಿದೆ ಎಂಬ ಒಂದು ಸಾಲು, ಅದರ ಕೆಳಗೆ ಹೊಸದಾಗಿ ಸೇರಿದ ಅತ್ತೆ, ಮಾವನ ಹೆಸರು, ಮರುದಿನ ಪುಣೆಯ ಮನೆಯಲ್ಲಿ ಇಬ್ಬರ ಫೋನಿಗೂ ಬಂತು. ಹೇಮಂತ ಅಕ್ಕನಿಗೆ ಫೋನ್ ಮಾಡಿದ, ಮತ್ತೆ ಮಾಡಿದ. ಅವಳು ಆಗ ಕೋಲ್ಕತ್ತದ ವಿಮಾನದಲ್ಲಿದ್ದಳು. ಒಂಟಿ ಹೆಂಗಸು, ಯಾರೋ ಅವಳ ಖಾತೆಗೆ ಕೈ ಹಾಕಿದ್ದಾರೆ ಎಂದು ಬ್ಯಾಂಕಿನವನ ಬುದ್ಧಿಗೆ ಹೊಳೆದದ್ದು ಸಹಜ. ವಿಮಾನ ಕಂಪನಿಗೆ ಬರೆದ: ನನ್ನಕ್ಕನಿಗೆ ಮದುವೆಯಾಗಿಲ್ಲ, ಅತ್ತೆಮಾವ ಇಲ್ಲ, ನಮ್ಮ ಮನೆತನದಲ್ಲಿ ಈ ಹೆಸರಿನವರು ಯಾರೂ ಇಲ್ಲ, ದಯವಿಟ್ಟು ನೋಡಿ.

ಸಂಜೆ ಅಕ್ಕ ಸಿಕ್ಕಾಗ ಇಬ್ಬರೂ ಮಾತಾಡಿದರು. ಅವಳು ಎಲ್ಲವನ್ನೂ ಹೇಳಿದಳು. ಅವನಿಗೆ ಬೇಸರವಾಗಿತ್ತು, ತೋರಿಸಿಕೊಳ್ಳಲಿಲ್ಲ. ತಾನು ಬರೆದ ವಿಷಯ ಮಾತ್ರ ಹೇಳಲಿಲ್ಲ. ಹಿಂದಕ್ಕೆ ತಗೊಂಡರಾಯಿತು ಎಂದುಕೊಂಡವನು ಕೆಲಸದ ಗದ್ದಲದಲ್ಲಿ ಮರೆತ. ಆ ಕಂಪನಿಯಿಂದ ಪದ್ಮಜಾಳಿಗೆ ದಿನವೂ ಜಾಹೀರಾತಿನ ಮೇಲ್ ಬರುತ್ತಿದ್ದವು. ಸಂಬಂಧದ ದಾಖಲೆ ಕೇಳಿದ ಮೇಲ್ ಕೂಡ ಅವುಗಳ ನಡುವೆ ಓದದೆ ಉಳಿಯಿತು.

ಹೊರಡುವ ದಿನ ಅವಳು ಕೊಚ್ಚಿಯಲ್ಲಿದ್ದಳು. ಹುಬ್ಬಳ್ಳಿಯಿಂದ ಚನ್ನೇಶನ ಫೋನ್. ಟಿಕೆಟ್ ರದ್ದಾಗಿವೆ ಎನ್ನುತ್ತಿದ್ದಾರೆ, ಮಾವ ಅತ್ತೆ ಕೌಂಟರಿನ ಮುಂದೆಯೇ ನಿಂತಿದ್ದಾರೆ. ಅವಳು ಖರೀದಿದಾರರ ಎದುರಿನಿಂದ ಎದ್ದು ಹೊರಗೆ ಬಂದು ಕಂಪನಿಗೆ ಫೋನ್ ಮಾಡಿದಳು. ಮೆದು ದನಿಯ ಹುಡುಗಿಯೊಬ್ಬಳು ಖಾತೆ ತಡೆಹಿಡಿಯಲಾಗಿದೆ, ದಾಖಲೆ ಕೊಟ್ಟರೆ ಪರಿಶೀಲಿಸುತ್ತೇವೆ ಎಂದಳು. ದುಡ್ಡು ಕೊಟ್ಟೇ ಕೊಳ್ಳೋಣವೆಂದರೆ ಆ ವಿಮಾನ ಭರ್ತಿ. ಮರುದಿನದ್ದು ಹಿಡಿದರೆ ಮುಟ್ಟುವಷ್ಟರಲ್ಲಿ ಕವಾಯತು ಮುಗಿದಿರುತ್ತಿತ್ತು.

ಅವಳು ಮತ್ತೆ ಚನ್ನೇಶನಿಗೆ ಫೋನ್ ಮಾಡಿದಾಗ ಪ್ರಭುಲಿಂಗಪ್ಪ ತಾನೇ ಮಾತಾಡಿದ.

"ಇರ್ಲಿ ಬಿಡ್ರಿ ಬಾಯಾರ. ಮೇಡಂ ನಿಮಗ ಏನಾಗ್ಬೇಕು ಅಂತ ಕೇಳಿದ್ರು ಇಲ್ಲಿ. ನನಗ ಸುಳ್ಳ ಹೇಳಾಕ ಬಾಯಿ ಬರಲಿಲ್ಲರಿ."

ಹಿಂದೆ ಗದಿಗೆವ್ವ ಯಾರನ್ನೋ, ಹುಡುಗಿಗೆ ಹೇಗೆ ತಿಳಿಸುವುದು ಎಂದು ಕೇಳುತ್ತಿದ್ದುದು ಅವಳಿಗೆ ಕೇಳಿಸಿತು.

ಅಂದು ರಾತ್ರಿ ಹೇಮಂತನಿಗೆ ವಿಷಯ ತಿಳಿಸಿದಾಗ ಆತ ಹೇಳಿದ.

"ನಾನೇ ಬರದಿದ್ದೆ ಅಕ್ಕಾ. ನಿನಗ ಯಾರೋ ಮೋಸ ಮಾಡ್ಲಿಕ್ಕತ್ತಾರ ಅಂದ್ಕೊಂಡೆ. ಅವರ‍್ಯಾರೂ ನಮ್ಮವರಲ್ಲಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಮ್ಮ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕಾರ್ಖಾನೆಗೆ ಹಿಂದಿರುಗಿದ ದಿನ ದೌಲತಬಿ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ವಿಮಾನ ಕಂಪನಿಯವರು ತನಗೂ ಫೋನ್ ಮಾಡಿದ್ದರು, ಪೊಲೀಸರೋ ಏನೋ ಎಂದು ಹೆದರಿ ಇಷ್ಟು ದಿನ ಹೇಳಲಿಲ್ಲ ಎಂದಳು.

"ಪದ್ಮಜಾ ನಿಮ್ಮ ಸ್ವಂತ ಅಕ್ಕ ಏನು ಅಂತ ಕೇಳಿದ್ರರಿ. ಅಲ್ಲ, ನಮ್ಮ ಫ್ಯಾಕ್ಟರಿ ಮೇಡಂ ಅಂತ ಹೇಳಿಬಿಟ್ಟೆ. ಹೌದು ಅನ್ನಬೇಕಿತ್ತೇನರಿ?"

"ಬ್ಯಾಡ ದೌಲತಬಿ. ಖರೇ ಇದ್ದದ್ದ ಹೇಳೀದಿ."

ದೌಲತಬಿ ಹೋಗ್ತೇನರಿ ಮೇಡಂ ಎಂದು ಹೊರಟಳು. ಅವಳು ಬೇಕೆಂದು ಹಾಗೆ ಕರೆದದ್ದಲ್ಲ. ಭಯವಾದಾಗ ನಾಲಿಗೆ ಹಳೆಯ ದಾರಿಗೆ ಹೋಗುತ್ತದೆ. ಆದರೆ ಅಕ್ಕಾರ ಎಂಬ ಮಾತು ಆಮೇಲೆ ಮರಳಲೇ ಇಲ್ಲ.

ಕಂಪನಿ ಖಾತೆಯನ್ನು ಮುಚ್ಚಿತು. ಉಳಿದಿದ್ದ ಮೈಲುಗಳೆಲ್ಲ ಹೋದವು. ಟಿಕೆಟ್ ಸಿಗಬಹುದೆಂದು ಕಾದಿದ್ದವರು, ಬೇಕಾದವರಿಗೆಲ್ಲ ಕೊಟ್ಟಳು, ನಮ್ಮ ಪಾಳಿ ಬಂದಾಗ ನೆಪ ಹೇಳುತ್ತಾಳೆ ಎಂದರಂತೆ. ಚನ್ನೇಶ ಮುಂದಿನ ಸಲ ನಿಲ್ದಾಣಕ್ಕೆ ಬಿಡಲು ಬೇರೆ ಚಾಲಕನನ್ನು ಕಳಿಸಿದ, ಅದರ ಮುಂದಿನ ಸಲವೂ. ಭಾನುವಾರ ಅವಳು ಒಬ್ಬಳಿಗೆ ಆಗುವಷ್ಟು ಅನ್ನ ಮಾಡಿ, ಅದರಲ್ಲೇ ಸಂಜೆಗೂ ಉಳಿಸಿಕೊಳ್ಳುವಳು. ಕೆಳಗಿನ ಮುದುಕಿ ಮೆಟ್ಟಿಲ ಹತ್ತಿರ ಸಿಕ್ಕರೆ ನೀರು ಬಂತೇ ಎಂದು ಕೇಳುವುದು, ಅಷ್ಟೇ.

ಒಮ್ಮೆ ಮಾತ್ರ ಹಲಗೇರಿಗೆ ಹೋದಳು. ಪ್ರಭುಲಿಂಗಪ್ಪ ಹೊಲಕ್ಕೆ ಹೋಗಿದ್ದ. ಗದಿಗೆವ್ವ ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು. ಗೋಡೆಯ ಮೇಲೆ ಸಮವಸ್ತ್ರದ ಐಶ್ವರ್ಯಳ ಫೋಟೊ ಇತ್ತು. ತಾಯಿಯದೇ ಅಗಲ ಹಣೆ, ತಾಯಿಯದೇ ಗಲ್ಲ. ಪದ್ಮಜಾ ತಪ್ಪಾಯಿತೆಂದು ಹೇಳಿದಳು. ನಿಮ್ಮದೇನು ತಪ್ಪು ಎಂದಳು ಗದಿಗೆವ್ವ, ಉಪಕಾರ ಮಾಡಲು ಹೋಗಿದ್ದಿರಿ ಎಂದಳು. ಆಮೇಲೆ ಕೇಳದೆಯೇ ಹೇಳಿದಳು: ಕವಾಯತು ಮುಗಿದೊಡನೆ ಮಕ್ಕಳೆಲ್ಲ ತಂದೆತಾಯಿಯತ್ತ ಓಡಿದರಂತೆ. ಇವಳು ಮೈದಾನದ ನಡುವೆ ಸ್ವಲ್ಪ ಹೊತ್ತು ನಿಂತಿದ್ದು, ಕೊಠಡಿಗೆ ಹೋಗಿ ಬೂಟು ಬಿಚ್ಚಿದಳಂತೆ. ದೂರುವ ದನಿಯಲ್ಲ ಅದು. ಪದ್ಮಜಾ ಮಜ್ಜಿಗೆ ಮುಗಿಸಿ ಎದ್ದಳು. ಮತ್ತೆ ಬನ್ನಿ ಎಂದು ಗದಿಗೆವ್ವ ಅನ್ನಲಿಲ್ಲ.

ವರ್ಷ ಕಳೆಯಿತು. ಪದ್ಮಜಾ ಹಾರುವುದು ನಿಲ್ಲಲಿಲ್ಲ, ಅದು ಹೊಟ್ಟೆಪಾಡು. ಈಗ ಬೇರೆ ಕಂಪನಿಯ ವಿಮಾನ. ಮೈಲು ಜಮೆ ಮಾಡುವ ಸಂಖ್ಯೆ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುವಳು.

ಕೊಚ್ಚಿಯಿಂದ ಹಿಂದಿರುಗುವ ಒಂದು ಬೆಳಿಗ್ಗೆ, ತಪಾಸಣೆಯ ಸಾಲಿನಲ್ಲಿ ಹೆಂಗಸರ ಪರದೆಯೊಳಗೆ ಹೋಗಿ ಕೈ ಅಗಲಿಸಿ ನಿಂತಳು. ಎದುರಿಗಿದ್ದ ಪಹರೆಯ ಹುಡುಗಿ ಅವಳ ಭುಜ, ಬೆನ್ನು, ಸೊಂಟದ ಮೇಲೆ ಕೈ ಆಡಿಸಿದಳು. ಆ ಅಗಲ ಹಣೆ, ಆ ಗಲ್ಲ. ಎದೆಯ ಮೇಲಿನ ಪಟ್ಟಿಯಲ್ಲಿ ಐಶ್ವರ್ಯ ಎಂಬ ಹೆಸರು. ತಿರುಗಿ ಎಂದು ಹುಡುಗಿ ಹೇಳಿದಾಗ ಪದ್ಮಜಾ ತಡವಾಗಿ ತಿರುಗಿದಳು.

"ಊರು ಹಲಗೇರಿ ಅಲ್ಲೇನವಾ?" ಎಂದು ಕೇಳಿದಳು.

ಹುಡುಗಿಯ ಕೈ ನಿಂತಿತು. ಇಷ್ಟು ಹೊತ್ತು ಹಿಂದಿಯಲ್ಲಿ ಅಪ್ಪಣೆ ಕೊಡುತ್ತಿದ್ದ ಮುಖ ಒಮ್ಮೆಲೇ ಚಿಕ್ಕದಾಯಿತು.

"ಹೌದ್ರಿ. ನೀವು ಯಾರ ಪೈಕಿರಿ?"

ಹೊರಗೆ ಸಾಲು ಬೆಳೆದಿತ್ತು. ಹೆಸರು ಹೇಳಿದರೆ ಆ ಮುಖದಲ್ಲಿ ಏನಾಗುವುದೋ ಎಂದು ಅವಳಿಗೆ ತಿಳಿಯಲಿಲ್ಲ. ಹೇಳಿ, ಕ್ಷಮೆ ಕೇಳಿ, ಮುಗಿಸುವಷ್ಟು ಹೊತ್ತೂ ಇರಲಿಲ್ಲ.

"ಯಾರ ಪೈಕಿನೂ ಅಲ್ಲ. ಹಾವೇರಿಯವಳು. ನಿಮ್ಮ ಮನಿಯವರನ್ನ ನೋಡೀನಿ," ಎಂದಳು.

"ಆ ಕಡೆ ಹೋದ್ರ ನಮ್ಮವ್ವಗ ನಾನು ಅರಾಮ ಅದೇನಿ ಅಂತ ಹೇಳ್ರಿ. ಫೋನಿನ್ಯಾಗ ಹೇಳಿದ್ರ ನಂಬೂದಿಲ್ಲ ಆಕಿ."

ಪದ್ಮಜಾ ತಲೆಯಾಡಿಸಿ ಹೊರಬಂದಳು. ಹಿಂದಿನಿಂದ ಹಿಂದಿಯ ಅಪ್ಪಣೆ ಮತ್ತೆ ಶುರುವಾಯಿತು.

ಆ ಭಾನುವಾರ ರಾಣೇಬೆನ್ನೂರಿಗೆ ಹೋಗಿ, ಅಲ್ಲಿಂದ ಹಲಗೇರಿಯ ಬಸ್ಸು ಹಿಡಿದಳು. ಗದಿಗೆವ್ವ ಅವಳನ್ನು ಕಂಡು ಬಾಗಿಲಿಗೆ ಬಂದಳು. ಪದ್ಮಜಾ ಕೂರುವ ಮೊದಲೇ ಹೇಳಿದಳು, ಹುಡುಗಿಯನ್ನು ಕಣ್ಣಾರೆ ಕಂಡೆ, ಅರಾಮಿದ್ದಾಳೆ ಎಂದು. ಆಗ ಗದಿಗೆವ್ವ ಕೇಳತೊಡಗಿದಳು. ಬಡವಾಗಿದ್ದಾಳೇನು, ಕೂದಲು ಕತ್ತರಿಸಿಕೊಂಡಿದ್ದಾಳೇನು, ನಿಂತೇ ಇರಬೇಕೇನು, ನಿಮ್ಮ ಹತ್ತಿರ ನಕ್ಕು ಮಾತಾಡಿದಳೇನು. ಪದ್ಮಜಾ ಕಂಡದ್ದಕ್ಕೆಲ್ಲ ಉತ್ತರ ಕೊಟ್ಟಳು. ಕಂಡದ್ದು ಬಹಳವಿರಲಿಲ್ಲ, ಬೇಗ ಮುಗಿಯಿತು. ಗದಿಗೆವ್ವ ಮತ್ತೆ ಮೊದಲಿನಿಂದ ಕೇಳಿದಳು, ಅವಳು ಮತ್ತೆ ಹೇಳಿದಳು. ಕೊನೆಯ ಬಸ್ಸಿನ ಹೊತ್ತಾದಾಗ ಗದಿಗೆವ್ವ ರಸ್ತೆಯವರೆಗೆ ಬಂದು, ಬಸ್ಸು ಬರುವ ತನಕ ಅವಳ ಪಕ್ಕದಲ್ಲಿ ನಿಂತಿದ್ದಳು.