ಸರ್ವಮಂಗಳಮ್ಮನ ಕಾಲ ಕೆಳಗಿನ ತಗಡು

ಮುತ್ತಿನಕೊಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮರುಳಸಿದ್ದಪ್ಪನ ಕಾರಿನ ನೆಲ ಕಳಚಿದ್ದು 2005ರ ದೀಪಾವಳಿ ಕಳೆದ ಮೇಲೆ, ಹೆಂಡತಿಯ ಕಾಲ ಕೆಳಗೇ. ಎನ್.ಆರ್. ಪುರದಿಂದ ಬರುವಾಗ ಅವರ ಹಳೇ ಅಂಬಾಸಿಡರ್ ಗುಂಡಿಯೊಂದಕ್ಕೆ ಇಳಿದು ಎದ್ದಿತು. ಮುಂದಿನ ಸೀಟಿನಲ್ಲಿದ್ದ ಸರ್ವಮಂಗಳಮ್ಮನ ಬಲಗಾಲು ಇಳಿಯಿತು, ಏಳಲಿಲ್ಲ. ಗಂಡ ಬ್ರೇಕ್ ಒತ್ತಿ, ಅವರು ಕಾಲು ಎಳೆದುಕೊಳ್ಳುವಷ್ಟರಲ್ಲಿ ಚಪ್ಪಲಿ ರಸ್ತೆಯ ಪಾಲಾಗಿತ್ತು. ಹಿಂದೆ ಮೊಪೆಡ್ಡಿನಲ್ಲಿ ಬರುತ್ತಿದ್ದ ಪಕ್ಕದ ಮನೆಯ ಸುಬ್ಬಪ್ಪ ಅದನ್ನೆತ್ತಿ ಕಿಟಕಿಗೆ ಹಿಡಿದ.

“ಸಿದ್ದಪ್ಪ, ನಿನ್ ಕಾರು ಈದೈತೆ ಮಾರಾಯ. ಹೆಣ್ಣು ಚಪ್ಪಲಿ!”

ಸರ್ವಮಂಗಳಮ್ಮ ನಗಲಿಲ್ಲ. “ಈ ನೆಲ ಗಟ್ಟಿ ಆಗೋ ತನಕ ನಾ ಇದ್ರಲ್ಲಿ ಕೂರಲ್ಲ ಕಣ್ರೀ. ತಂಗಿ ಮನೆ ಗೃಹಪ್ರವೇಶಕ್ಕೆ ಬಸ್ಸಲ್ಲೇ ಹೋಗ್ತೀನಿ.”

ಬಸ್ಸಿನಲ್ಲಿ! ಮದುವೆಯ ಹೊತ್ತಿಗೆ ಮಾವ “ಗೊಬ್ಬರ ಮಾರೋನಿಗೆ ಕಾರೆಲ್ಲಿಂದ ಬರ್ಬೇಕು” ಅಂದಿದ್ದರಂತೆ. ಮಾವ ಈಗಿಲ್ಲ, ಅಳಿಯನ ಹಟ ಇದೆ. ಹೆಂಡತಿಯ ತವರೂರು ಬಾಳೆಹೊನ್ನೂರಿನಲ್ಲಿ, ತಂಗಿಯ ಹೊಸ ಮನೆಯ ಬೀದಿಯಲ್ಲಿ, ಅವಳು ಕಾರಿನಿಂದಲೇ ಇಳಿಯಬೇಕು.

ನೆಲದ ತುಕ್ಕಿಗೆ ಕಾರಣ ಕಾರಲ್ಲ, ಸಿದ್ದಪ್ಪನೇ. ಅಡಿಕೆಗೆ ಹೊಡೆಯುವ ಮೈಲುತುತ್ತದ ಚೀಲಗಳನ್ನು ಮಳೆಗಾಲವಿಡೀ ತಂದದ್ದು ಇದೇ ಮುಂದಿನ ಸೀಟಿನ ಬುಡದಲ್ಲಿ. ಡಿಕ್ಕಿಯಲ್ಲಿಟ್ಟರೆ ನೆನೆಯುತ್ತದೆಂಬ ಕಾಳಜಿ ಬೇರೆ! ಚೀಲದ ನೀಲಿ ನೀರು ಮ್ಯಾಟಿನ ಕೆಳಗೆ ಇಳಿದು ಕಬ್ಬಿಣವನ್ನು ತಿಂದಿತ್ತು. ಗ್ಯಾರೇಜಿನವನೊಬ್ಬ ಹಿಂದಿನ ವರ್ಷ ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ, ಬಣ್ಣ ಬಳಿದು ‘ಹೊಸದಾಯ್ತು’ ಎಂದಿದ್ದ. ಮಂತ್ರಿ ಬರುವ ಹಿಂದಿನ ದಿನ ಗುಂಡಿಗೆ ಮಣ್ಣು ತುಂಬುವ ದೇಶದಲ್ಲಿ ಅವನೊಬ್ಬನನ್ನು ಬೈದು ಏನು ಪ್ರಯೋಜನ?

ಈ ಸಲ ಸಿದ್ದಪ್ಪ ತಾನೇ ಅಂಗಳದಲ್ಲಿ ಕೂತು ಸ್ಕ್ರೂಡ್ರೈವರಿನಿಂದ ಕೆರೆದ. ಚೊಂಬಿನಗಲದ ತೂತು ತಟ್ಟೆಯಾಯಿತು, ತಟ್ಟೆ ಮೊರವಾಯಿತು, ಆಮೇಲಷ್ಟೇ ಗಟ್ಟಿ ಕಬ್ಬಿಣ ಸಿಕ್ಕಿತು. ಕೊಪ್ಪ ಪೇಟೆಯಿಂದ ವೆಲ್ಡಿಂಗ್ ಮೆಷಿನ್ ಬಾಡಿಗೆಗೆ ತಂದ. ಕಿಡಿ ಹಾರಿದಾಗೆಲ್ಲ ಕೇರಿಯ ಟೀವಿಗಳು ಕಣ್ಣು ಮುಚ್ಚಿದವು. ತೆಳು ತಗಡಿಟ್ಟು ಬೆಸೆಯಲು ಹೋದರೆ ಅದೇ ಸುಟ್ಟು ಜರಡಿಯಾಯಿತು.

“ಸೊಳ್ಳೆಪರದೆ ಮಾಡ್ತಿದೀಯಾ?” ಬೇಲಿಯಾಚೆಯಿಂದ ಸುಬ್ಬಪ್ಪ.

“ನಿನ್ ಬಾಯಿಗೂ ಒಂದು ವೆಲ್ಡಿಂಗ್ ಹಾಕ್ತೀನಿ, ಬಾ ಇಲ್ಲಿ.”

“ದಪ್ಪ ತಗಡು ತಗಂಡು ರಿವೆಟ್ ಹೊಡಿ ಮಾರಾಯ. ನನ್ ಸೀರಿಯಲ್ ಹಾಳಾಗ್ತೈತೆ.”

ದಪ್ಪ ತಗಡು ಇದ್ದದ್ದು ಮನೆಯೆದುರಿನ ಚರಂಡಿಯಲ್ಲಿ. ಎರಡು ಮಳೆಗಾಲದ ಹಿಂದೆ ಗಾಳಿಗೆ ಬಿದ್ದ ಬೋರ್ಡು: ‘ಕೆರೆಕೇರಿ ರಸ್ತೆ ಡಾಂಬರೀಕರಣ ಕಾಮಗಾರಿ ಪೂರ್ಣಗೊಂಡಿದೆ’. ಮನೆಯೆದುರಿನ ಈ ರಸ್ತೆಗೆ ಡಾಂಬರು ಬಿದ್ದಿರಲಿಲ್ಲ, ಬೋರ್ಡಿಗೆ ಮಾತ್ರ ಒಳ್ಳೇ ಬಣ್ಣ ಬಿದ್ದಿತ್ತು. ತುಕ್ಕಿನ ಸುಳಿವಿಲ್ಲ. ಸಾರ್ವಜನಿಕ ಆಸ್ತಿ ಕದ್ದ ಎನ್ನುವವರು ಮೊದಲು ರಸ್ತೆ ಕದ್ದವರ ಮನೆಗೆ ಹೋಗಿ ಬರಲಿ. ಸಿದ್ದಪ್ಪನ ಬಾಗಿಲು ತೆರೆದೇ ಇರುತ್ತದೆ.

ಕಾಮಗಾರಿಯವರು ಬಿಟ್ಟುಹೋದ ಪೀಪಾಯಿಯ ತಳದ ಡಾಂಬರನ್ನು ಕಾಸಿ ತಗಡಿನ ಕೆಳಮೈಗೆ ಬಳಿದ. ಬಣ್ಣವಿದ್ದ ಮುಖ ಮೇಲಿರಲಿ, ಪ್ರೈಮರ್ ಬಣ್ಣದ ಖರ್ಚು ಉಳಿಯುತ್ತದೆಂದು ಹಾಗೇ ಕೂರಿಸಿ ಸುತ್ತ ರಿವೆಟ್ ಹೊಡೆದ. ಮೇಲೆ ನಿಂತು ಕುಣಿದ. ತಗಡು ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ ರೇಷ್ಮೆ ಸೀರೆಯುಟ್ಟ ಸರ್ವಮಂಗಳಮ್ಮ ಬಾಗಿಲು ತೆಗೆದು ಕಾಲೆತ್ತಿದರು. ಎತ್ತಿದ ಕಾಲು ಅಲ್ಲೇ ನಿಂತಿತು.

“ರೀ! ಅಕ್ಷರ ಐತಲ್ರೀ! ಸರಸ್ವತಿ ಮೇಲೆ ಕಾಲಿಡು ಅಂತೀರಾ?”

“ಬಣ್ಣ ಚೆನ್ನಾಗಿತ್ತು ಕಣೇ, ಅದಕ್ಕೇ…” ಸಿದ್ದಪ್ಪ ಮ್ಯಾಟು ಹಾಸಲು ಬಗ್ಗಿದ.

“ಮುಚ್ಚಿದ್ರಾಯ್ತಾ? ಕೆಳಗಿರೋದು ಇರ್ತೈತಲ್ಲ! ಮುಚ್ಚಿ ಮುಚ್ಚಿನೇ ಅಲ್ವಾ ನನ್ ಕಾಲು ಹೋಗಿದ್ದು?”

ಇನ್ನು ಅಕ್ಷರ ಕೆರೆದು ತೆಗೆಯಲು ಹೊತ್ತಿರಲಿಲ್ಲ. ತಿರುವಿನಾಚೆ ಹಾರ್ನ್ ಕೇಳಿತು.

“ಅತ್ತಿಗೆ, ಬಸ್ ಬಂತು!” ಸುಬ್ಬಪ್ಪನಿಗೆ ಹಬ್ಬ.

ಸರ್ವಮಂಗಳಮ್ಮ ಬ್ಯಾಗೆತ್ತಿಕೊಂಡರು. ಗಂಡನ ಮುಖ ನೋಡಿದರು. ಅದು ನೋಡುವಂತಿರಲಿಲ್ಲ. ಅಷ್ಟಕ್ಕೂ ಏನು ಬರೆದಿದೆಯೆಂದು ಬಗ್ಗಿ, ಒಂದೊಂದೇ ಪದವನ್ನು ಜೋರಾಗಿ ಓದಿದರು. ಆಮೇಲೆ ತಲೆಯೆತ್ತಿ, ಮನೆಯೆದುರಿನ ಕೆಂಪು ಧೂಳಿನ ರಸ್ತೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು.

“ಸುಳ್ಳಲ್ಲಿ ಎಂತ ಸರಸ್ವತಿರೀ?”

‘ಪೂರ್ಣಗೊಂಡಿದೆ’ಯ ಮೇಲೆ ಧಪ್ಪನೆ ಕಾಲೂರಿ ಕೂತರು. ನೆಲ ಅಲುಗಲಿಲ್ಲ.

“ನಡೀರಿ. ಗುಂಡಿ ನೋಡ್ಕಂಡು ಓಡ್ಸಿ.”