ಖಾಲಿ ಚೀಲ

೧೯೩೮ರ ಬೇಸಿಗೆ. ಮೇವು ಅರಸುವ ಕುರಿಗಳ ಹಿಂದೆ ಮೊದಲ ಸಲ ಚನ್ನಗಿರಿ ಕಡೆಗೆ ಕಾಲ್ನಡಿಗೆಯಲ್ಲಿ ಹೊರಡಬೇಕಿದ್ದ ಬಿಳಿಚೋಡಿನ ಹೊಸ ಸೊಸೆ ಗಾದ್ರಮ್ಮ, ತಾಮ್ರದ ಕೊಡದಿಂದ ಹಿಡಿದು ತವರಿನ ಕನ್ನಡಿಯವರೆಗೆ ಎಲ್ಲವನ್ನೂ ಗಂಟು ಕಟ್ಟಿದ್ದಳು. ಅತ್ತೆ ಕೊಲ್ಲಾಪುರಮ್ಮ ಬೈಯಲಿಲ್ಲ.

"ಇದನ್ನ ಹೊತ್ಕಂಡೇ ಇವತ್ತಿನ ಮನೆಗೆಲಸ ಮಾಡು," ಅಂದಳು.

ಸಂಜೆಯೊಳಗೆ ಗಂಟಿನಲ್ಲಿ ಉಳಿದದ್ದು ಕಂಬಳಿ, ರಾಗಿಹಿಟ್ಟು, ಉಪ್ಪು, ಒಂದು ಗಡಿಗೆ.

ಆದರೆ ಹೊರಡುವಾಗ ಅತ್ತೆಯ ಹೆಗಲಿನಲ್ಲಿ ಏನೂ ತುಂಬದ ಚೀಲವೊಂದು ನೇತಾಡುತ್ತಿತ್ತು. ಗಾದ್ರಮ್ಮನಿಗೆ ಕೇಳದೆ ಇರಲಾಗಲಿಲ್ಲ.

"ಖಾಲಿ ಚೀಲ ಯಾಕೆ ಅತ್ತೆ?"

"ದಾರೀಲಿ ಹುಟ್ಟೋ ಮರಿ ನಡೀತೈತೇನು? ಹೊರಾಕೆ ಜಾಗ ಬೇಕಲ್ಲ."

ಅಂದಿನಿಂದ ಗಾದ್ರಮ್ಮನೂ ಒಂದು ಖಾಲಿ ಚೀಲ ಒಯ್ಯತೊಡಗಿದಳು. ಎಷ್ಟೋ ಮರಿಗಳು ಅದರಲ್ಲೇ ಊರು ಸೇರಿದವು. ಮೂರನೇ ವರ್ಷ ಚನ್ನಗಿರಿಯಿಂದ ಹಿಂದಿರುಗುವಾಗ ಮಾತ್ರ ಅತ್ತೆಯ ಚೀಲ ಆಗಲೇ ತುಂಬಿ, ಇನ್ನೊಂದು ಎಳೆಯ ಮರಿ ಅವಳ ಕಂಕುಳೇರಬೇಕಾಯಿತು. ಗಾದ್ರಮ್ಮನ ಚೀಲದಲ್ಲಿ ದಾರಿಯಲ್ಲೇ ಹುಟ್ಟಿದ ಅವಳ ಮಗಳು ಮಲಗಿದ್ದಳು.